ಸಾವಂತ್ರೆವ್ವನ ಗಂಟು ನೋಡಿದ ಸ್ಕ್ಯಾನಿಂಗ್ ಯಂತ್ರ

ನಾನು ಒಂದು ಸ್ಕ್ಯಾನಿಂಗ್ ಯಂತ್ರ. ಹೀಗೆ ಹೇಳಿಕೊಳ್ಳುವುದರಲ್ಲಿ ಈಗ ಹೆಮ್ಮೆಯೇನೂ ಉಳಿದಿಲ್ಲ, ಒಂದು ಕಾಲಕ್ಕೆ ಇತ್ತು. ದೂರದೇಶದ ಕಾರ್ಖಾನೆಯಲ್ಲಿ, ಧೂಳಿನ ಕಣವೂ ನುಸುಳದ ಕೋಣೆಯಲ್ಲಿ, ಕೈಗವಸು ತೊಟ್ಟ ಹೆಂಗಸರು ನನ್ನನ್ನು ಜೋಡಿಸಿದರು. ಹಡಗು ಹತ್ತಿ, ಲಾರಿ ಹತ್ತಿ, ಬೆಳಗಾವಿಯ ಒಂದು ಹೆರಿಗೆ ಆಸ್ಪತ್ರೆಗೆ ಬಂದಿಳಿದೆ. ಇಳಿದ ದಿನವೇ ಹಾರ ಹಾಕಿದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಒಡೆಸಿದರು, ಮೈತುಂಬ ಅರಿಸಿನ ಕುಂಕುಮ ಎರಚಿದರು. ಅಷ್ಟು ಜೋಪಾನವಾಗಿ ಹುಟ್ಟಿದ ನನ್ನ ಗುಂಡಿಗಳ ಸಂದಿಗೆಲ್ಲ ಕುಂಕುಮ ಹೋಯಿತು. ಅವತ್ತಿನಿಂದ ಒಂದು ಗುಂಡಿ ಎರಡು ಸಲ ಒತ್ತದೆ ಮಾತು ಕೇಳುವುದಿಲ್ಲ.

ಬೆಳಗಾವಿಯ ದಿನಗಳು ಸುಖದ ದಿನಗಳು. ಬರುವವರೆಲ್ಲ ಬಸುರಿಯರು. ಹೊಟ್ಟೆಯ ಮೇಲೆ ನನ್ನ ಹಿಡಿಕೆ ಇಟ್ಟರೆ ಸಾಕು, ಎಲ್ಲರೂ ಕತ್ತು ಉದ್ದ ಮಾಡಿ ನನ್ನ ಪರದೆಯನ್ನೇ ನೋಡುತ್ತಿದ್ದರು. ಪುಟ್ಟ ಎದೆ ಬಡಿಯುವುದನ್ನು ತೋರಿಸಿದರೆ ಅಳುವವರು, ನಗುವವರು, ನನಗೇ ಕೈಮುಗಿಯುವವರು! ಆಮೇಲೆ ನನಗಿಂತ ಜಾಣ ಯಂತ್ರ ಬಂತು, ಅದು ಕೂಸಿನ ಮೂಗು ಬಾಯಿ ಎಲ್ಲ ತೋರಿಸುತ್ತಿತ್ತಂತೆ. ನನ್ನನ್ನು ಗದಗಿನ ಒಂದು ಧರ್ಮಾಸ್ಪತ್ರೆಗೆ ಕೊಟ್ಟುಬಿಟ್ಟರು.

ಇಲ್ಲಿ ನನಗೆ ಸಿಕ್ಕಿದ್ದು ಮೊಲೆಯಲ್ಲಿ ಗಂಟು ಕಾಣಿಸಿಕೊಂಡ ಹೆಂಗಸರನ್ನು ನೋಡುವ ಕೋಣೆ. ಇಲ್ಲಿ ಯಾರೂ ನನ್ನ ಕಡೆ ನೋಡುವುದಿಲ್ಲ. ಮಲಗಿದವರು ಮೇಲಿನ ಫ್ಯಾನು ನೋಡುತ್ತಾರೆ, ಜೊತೆಗೆ ಬಂದವರು ಡಾಕ್ಟರ ಮುಖ ನೋಡುತ್ತಾರೆ. ನಾನು ಕಾಣುವುದನ್ನೆಲ್ಲ ಕಂಡು, ತೋರಿಸುವುದನ್ನೆಲ್ಲ ತೋರಿಸಿ ಸುಮ್ಮನಿರಬೇಕು. ವರ್ಷಗಟ್ಟಲೆ ಇದೇ ಕೆಲಸ. ಬೇಸರ ಬಂದಿತ್ತು, ಸುಳ್ಳೇಕೆ ಹೇಳಲಿ. ಗಂಟು ಕಂಡು ಬೇಸರವಲ್ಲ, ಅದು ಇಷ್ಟು ದೊಡ್ಡದಾಗುವವರೆಗೆ ಸೆರಗಿನ ಒಳಗೆ ಮುಚ್ಚಿಟ್ಟುಕೊಂಡು ಬರುತ್ತಾರಲ್ಲ, ಅದಕ್ಕೆ ಬೇಸರ.

ಸಾವಂತ್ರೆವ್ವ ಬಂದದ್ದು ಶ್ರಾವಣಕ್ಕೆ ಮುಂಚೆ. ಐವತ್ತರ ಆಸುಪಾಸು, ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ಹೆಂಗಸು. ಜೊತೆಗೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ ಕಲ್ಲವ್ವ. ನಮ್ಮ ಡಾಕ್ಟರ್ ಶಮೀಮ್ ಸೆರಗು ಸರಿಸಿ, ತಣ್ಣನೆಯ ಜೆಲ್ ಹಚ್ಚಿ ನೋಡಿದರು. ಬಲಗಡೆ ಒಂದು ಗಂಟು. ಕಡಲೆಕಾಳಿಗಿಂತ ತುಸು ದೊಡ್ಡದು, ಅಂಚು ನೆಟ್ಟಗಿಲ್ಲ. ನಾನು ಬೇಗ ಗುರುತಿಸಿದೆ, ಡಾಕ್ಟರೂ ಗುರುತಿಸಿದರು.

“ನಾಳೆ ಬರ್ರಿ. ಸೂಜೀಲೆ ಚೂರು ತಗದು ಪರೀಕ್ಷಾಕ್ಕ ಕಳಸೂಣು. ಏನಂತ ಗೊತ್ತಾದ್ರ ಅರ್ಧ ಚಿಂತಿ ಹೋಗತೈತಿ” ಎಂದರು.

ಮರುದಿನ ಸಾವಂತ್ರೆವ್ವ ಒಬ್ಬಳೇ ಬಂದಳು. ಡಾಕ್ಟರು ಇನ್ನೂ ವಾರ್ಡಿನಲ್ಲಿದ್ದರು. ಕೋಣೆಯಲ್ಲಿದ್ದವನು ಪ್ರಸನ್ನ, ಎಕ್ಸರೇ ಕೋಣೆಯಿಂದ ಹೊಸದಾಗಿ ಇಲ್ಲಿಗೆ ಬಂದ ಟೆಕ್ನಿಷಿಯನ್. ಅಲ್ಲಿ ದಿನವಿಡೀ ಹೇಳಿ ರೂಢಿಯಾದ ಮಾತನ್ನೇ ಇಲ್ಲೂ ಹೇಳಿದ, ತಲೆಯೆತ್ತದೆ.

“ಕೊರಳಾಗಿಂದೆಲ್ಲಾ ತಗದು ಟೇಬಲ್ ಮ್ಯಾಲೆ ಇಡ್ರಿ.”

ಎಕ್ಸರೇಗೆ ಅದು ಸರಿ, ಕೊರಳಲ್ಲಿದ್ದುದೆಲ್ಲ ಚಿತ್ರದಲ್ಲಿ ಮೂಡುತ್ತದೆ. ನನಗೆ ಅದರ ಅಗತ್ಯವೇ ಇಲ್ಲ. ನಾನು ನೋಡುವುದು ಹಿಡಿಕೆ ತಾಗಿದ ಕಡೆ ಮಾತ್ರ. ಆದರೆ ಸಾವಂತ್ರೆವ್ವನ ಕೊರಳಲ್ಲಿ ಇದ್ದದ್ದು ಇಷ್ಟಲಿಂಗದ ಬೆಳ್ಳಿ ಕರಡಿಗೆ. ಹುಟ್ಟಿದಾಗ ಕಟ್ಟಿದ್ದು. ಸ್ನಾನಕ್ಕೂ ಬಿಟ್ಟದ್ದಿಲ್ಲ, ಹೆರಿಗೆಗೂ ಬಿಟ್ಟದ್ದಿಲ್ಲ. ಅವಳು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು.

ಡಾಕ್ಟರು ಬಂದು ಕೇಳಿದರೆ ಪ್ರಸನ್ನ, “ಅಂಜಿ ಹೋದ್ರು ಕಾಣತೈತ್ರಿ ಮೇಡಂ” ಎಂದ. ಫೋನು ಮಾಡಿಸಿದರು. ‘ಬರ್ತೀನ್ರಿ’ ಎಂಬ ಉತ್ತರ ಬಂತು, ಅವಳು ಬರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಬಾರದೆಯೇ ಹೋದವರನ್ನು ಎಷ್ಟೋ ಕಂಡಿದ್ದೇನೆ ನಾನು. ನನಗೆ ಪ್ರಸನ್ನನ ಮೇಲೆ ಸಿಟ್ಟು ಬಂತು, ಅವಳ ಮೇಲೂ ಬಂತು. ಯಂತ್ರದ ಸಿಟ್ಟನ್ನು ಕೇಳುವವರಾರು?

ದಸರೆ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಮುಗಿಯಿತು. ಯುಗಾದಿ ಕಳೆದ ಮೇಲೆ ಕಲ್ಲವ್ವ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು.

“ಲಿಂಗ ತಗೀ ಅಂದ್ರಂತ್ರೀ! ಅದಕ್ಕ ಎದ್ದು ಬಂದಾಳ್ರೀ ಈಕಿ. ಇಷ್ಟ ದಿನ ನನ್ನ ಮುಂದನೂ ಬಾಯಿ ಬಿಡಲಿಲ್ಲ. ನಿನ್ನೆ ರೊಟ್ಟಿ ಬಡಿಯೋವಾಗ ನೋವು ಅಂತ ಅತ್ತಾಗ ಹೇಳಿದ್ಲು!”

ಡಾಕ್ಟರ್ ಶಮೀಮ್ ಹಿಡಿಕೆಯನ್ನು ನನ್ನ ಕೊಕ್ಕೆಗೆ ಸಿಕ್ಕಿಸಿ ಪ್ರಸನ್ನನ ಕಡೆ ತಿರುಗಿದರು. ಅವನ ಮುಖ ಸಪ್ಪಗಾಯಿತು. ಡಾಕ್ಟರು ಕುರ್ಚಿ ಎಳೆದುಕೊಂಡು ಸಾವಂತ್ರೆವ್ವನ ಪಕ್ಕ ಕೂತರು.

“ನಮ್ಮ ಓಣ್ಯಾಗ ಆಜೂಬಾಜೂ ಎಲ್ಲಾ ನಿಮ್ಮ ಮಂದೀನ ಇದ್ರವ್ವಾ. ಆ ಮನಿ ಅಮ್ಮಾರು ಎಡ ಅಂಗೈಯಾಗ ಲಿಂಗ ಹಿಡಕೊಂಡು ಪೂಜಾ ಮಾಡೂದು ನೋಡಿ ಬೆಳದಾಕಿ ನಾನು. ದಾರ ಕೊರಳಾಗ ಇರ್ಲಿ, ಕರಡಿಗಿ ಎಡಗೈಯಾಗ ಹಿಡ್ಕೋರಿ. ಬಲಗೈ ತಲೀ ಮ್ಯಾಲೆ ಇಟಗೊಂಡು ಮಲಕೋರಿ. ಅಷ್ಟ ಸಾಕು.”

“ಸೂಜಿ ಚುಚ್ಚಿದ್ರ ಅದು ಮೈ ತುಂಬ ಹಬ್ಬತೈತಿ ಅಂತಾರಲ್ರೀ?”

“ಸೂಜಿಗೆ ಹಬ್ಬೂದಿಲ್ಲವ್ವಾ, ಮನ್ಯಾಗ ಕುಂತ್ರ ಹಬ್ಬತೈತಿ.”

ರಕ್ತ ತೆಳ್ಳಗಾಗುವ ಗುಳಿಗೆ ಏನಾದರೂ ನುಂಗುತ್ತೀರಾ ಎಂದು ಕೇಳಿದರು, ಇಲ್ಲವೆಂದಳು. ಏನು ತಿಂದಿದ್ದೀರಿ ಎಂದರೆ, ಆಸ್ಪತ್ರೆ ಅಂದಮೇಲೆ ಖಾಲಿ ಹೊಟ್ಟೆಯಲ್ಲೇ ಬರಬೇಕು ಎಂದುಕೊಂಡು ಬಂದಿದ್ದಳು. “ಇದಕ್ಕ ಉಪವಾಸ ಬೇಕಾಗಿಲ್ಲ” ಎಂದು ಡಾಕ್ಟರು ಚಹಾ ಬಿಸ್ಕಿಟ್ ತರಿಸಿ ತಿನ್ನಿಸಿದ ಮೇಲೆಯೇ ಮಲಗಿಸಿದರು. ಬಲ ಭುಜದ ಕೆಳಗೆ ಒಂದು ದಿಂಬು ಕೊಟ್ಟರು. ಕಂದು ಬಣ್ಣದ ಔಷಧಿಯಿಂದ ಒರೆಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. “ಕಟ್ಟಿರುವಿ ಕಡದಂಗ ಆಗತೈತಿ, ಚೂರು ಉರೀತೈತಿ, ಆಮ್ಯಾಲೆ ಗೊತ್ತಾಗೂದಿಲ್ಲ.” ಹಾಗೆಯೇ ಆಯಿತು. ಆಮೇಲೆ ಚೂರು ತೆಗೆಯುವ ಉಪಕರಣವನ್ನು ಮೊದಲು ಗಾಳಿಯಲ್ಲಿ ಒತ್ತಿ ಟಕ್ ಎಂಬ ಸದ್ದು ಕೇಳಿಸಿದರು. ಗೊತ್ತಿಲ್ಲದೆ ಆ ಸದ್ದಿಗೆ ಬೆಚ್ಚಿ ಅಲುಗಾಡಿದರೆ ಸೂಜಿ ಗುರಿ ತಪ್ಪುತ್ತದೆ.

“ಅಯ್ಯ, ಇಷ್ಟನ? ಖಾನಾವಳಿ ಲೈಟರ್ ಇದಕ್ಕಿಂತ ಜೋರು ಒದರತೈತಿ” ಎಂದಳು ಸಾವಂತ್ರೆವ್ವ. ಕಲ್ಲವ್ವ ಅಳುತ್ತಲೇ ನಕ್ಕಳು.

ಗಂಟು ಈಗ ನೆಲ್ಲಿಕಾಯಿಯಷ್ಟಾಗಿತ್ತು. ಅದನ್ನು ಪರದೆಯಲ್ಲಿ ತೋರಿಸುವಾಗ ನನಗೆ ಸಾಕಾಗಿ ಹೋಯಿತು. ಆದರೂ ತೋರಿಸಿದೆ. ಸೂಜಿ ಬಿಳಿ ಗೆರೆಯಾಗಿ ಒಳಗಿಳಿಯಿತು, ಗಂಟಿನ ಬಾಗಿಲಿಗೆ ಬಂದು ನಿಂತಿತು, ಟಕ್ ಎಂದಿತು. ಶ್ಯಾವಿಗೆಯ ತುಂಡಿನಂಥ ಚೂರು ಸೀಸೆಗೆ ಬಿತ್ತು. ಹೀಗೆ ಒಂದಾದ ಮೇಲೊಂದು. ಆಮೇಲೆ ಆ ಜಾಗ ಮತ್ತೆ ಗುರುತು ಸಿಗಲೆಂದು ಎಳ್ಳುಕಾಳಿಗಿಂತ ಚಿಕ್ಕದೊಂದು ಲೋಹದ ಗುರುತನ್ನು ಒಳಗೇ ಬಿಟ್ಟರು. ಇಷ್ಟೂ ಹೊತ್ತು ಅವಳು ಒಂದಿಷ್ಟೂ ಮಿಸುಕಲಿಲ್ಲ. ಎಡ ಅಂಗೈ ತೆರೆದಿತ್ತು, ಕರಡಿಗೆ ಅದರ ಮೇಲಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ಅಷ್ಟು ಅಲ್ಲಾಡದೆ ಮಲಗಿದವರನ್ನು ನಾನು ಬೇರೆ ಕಂಡಿಲ್ಲ.

ಹೊಲಿಗೆ ಬೇಕಾಗಲಿಲ್ಲ. ಸಿಸ್ಟರ್ ಗಟ್ಟಿಯಾಗಿ ಒತ್ತಿ ಹಿಡಿದು, ಪಟ್ಟಿ ಅಂಟಿಸಿ, ಐಸ್ ಇಟ್ಟರು. ಒಂದೆರಡು ದಿನ ರೊಟ್ಟಿ ಬಡಿಯಬೇಡ, ಕೊಡ ಹೊರಬೇಡ, ಚರ್ಮ ನೀಲಿಗಟ್ಟಿದರೆ ಹೆದರಬೇಡ, ರಕ್ತ ನಿಲ್ಲದಿದ್ದರೆ ಜ್ವರ ಬಂದರೆ ಓಡಿ ಬಾ ಎಂದು ಹೇಳಿ ಕಳಿಸಿದರು. ಬಾಗಿಲಲ್ಲಿ ಪ್ರಸನ್ನ ಕೈಮುಗಿದು ನಿಂತಿದ್ದ. ಅವಳು ಅವನ ತಲೆ ಸವರಿ ಹೋದಳು.

ಫಲಿತಾಂಶ ನನಗೆ ಯಾರೂ ಹೇಳುವುದಿಲ್ಲ. ಗಂಟು ಕಾಣುವುದಷ್ಟೇ ನನ್ನ ಪಾಲು, ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಇನ್ನೊಂದು ಕೋಣೆಯ ಮಾತು. ಇಷ್ಟು ವರ್ಷ ದುಡಿದು ಅರ್ಧ ಕಥೆಗಳನ್ನೇ ಕೂಡಿಟ್ಟುಕೊಂಡೆ. ಅಷ್ಟರಲ್ಲಿ ನನ್ನ ಪರದೆಯಲ್ಲಿ ಅಡ್ಡಗೆರೆ ಬೀಳತೊಡಗಿತು, ಹಿಡಿಕೆಯ ವೈರು ಸೀಳಿತು. ಒಂದು ದಿನ ವೈರುಗಳನ್ನೆಲ್ಲ ಕಿತ್ತು, ಮೇಲೊಂದು ಹಳೆಯ ಬೆಡ್‌ಶೀಟು ಹೊದಿಸಿ, ನನ್ನನ್ನು ವರಾಂಡದ ತುದಿಗೆ ತಳ್ಳಿದರು. ಗುಜರಿಯವನು ಇನ್ನೂ ಬಂದಿಲ್ಲ.

ಮೊನ್ನೆ ನನ್ನ ಪಕ್ಕದ ಬೆಂಚಿಗೆ ಇಬ್ಬರು ಹೆಂಗಸರು ಬಂದು ಕೂತರು. ದನಿಯಿಂದ ಗುರುತಿಸಿದೆ, ಸಾವಂತ್ರೆವ್ವ ಮತ್ತು ಕಲ್ಲವ್ವ. ಗಾಳಿಗೆ ಬೆಡ್‌ಶೀಟಿನ ಅಂಚು ಹಾರಿದಾಗ ಕಂಡೆ. ಸಾವಂತ್ರೆವ್ವನ ತಲೆಯ ಸೆರಗಿನ ಕೆಳಗೆ ಗಿಡ್ಡ ಕೂದಲು, ಈಗಷ್ಟೇ ಹುಟ್ಟಿದ್ದು. ಕುಪ್ಪಸದ ಬಲಭಾಗ ಚಪ್ಪಟೆ.

“ಡಾಕ್ಟರ್ ಅಂದ್ರಲ್ಲ, ಇನ್ನ ಮೈಯಾಗ ಎಲ್ಲೂ ಇಲ್ಲಂತ. ಬಚಾವಾದಿ ಬಿಡು” ಎಂದಳು ಕಲ್ಲವ್ವ. “ಆದ್ರೂ ಆ ಹುಡುಗನ ಮ್ಯಾಲೆ ನಿನಗ ಸಿಟ್ಟು ಬರಂಗಿಲ್ಲೇನ? ಆವತ್ತ ಆಗಿದ್ರ ಗಂಟಷ್ಟ ತಗದು ಬಿಡ್ತಿದ್ರಂತ, ಪೂರಾ ತಗೀಬೇಕಾಗತಿರಲಿಲ್ಲಂತ.”

ಸಾವಂತ್ರೆವ್ವ ಚಹಾ ಗುಟುಕರಿಸಿದಳು.

“ಅವಂದೇನು, ರೂಢಿ ಮಾತು ಅಂದ. ನಾನರ ಒಂದು ಮಾತು ಕೇಳಬೇಕಿಲ್ಲೇನ? ‘ಈ ಕರಡಿಗಿ ತಗೀದಿದ್ರ ಆಗಂಗಿಲ್ಲೇನ್ರೀ’ ಅಂತ. ಇಷ್ಟ. ಕೇಳಾಕ ನಾಚಿಕಿ ಬಂತು ನೋಡು.”

ಕಲ್ಲವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಸಾವಂತ್ರೆವ್ವ ಚೀಲವನ್ನು ನನ್ನ ಮೇಲಿಟ್ಟು, ಹಣೆಯನ್ನು ಅದಕ್ಕೆ ಆನಿಸಿ, ಸದ್ದಿಲ್ಲದೆ ಅತ್ತಳು.

ಬೆಡ್‌ಶೀಟಿನ ಕೆಳಗೆ ನಾನಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಆವತ್ತೂ ಅದೇ ಕೋಣೆಯಲ್ಲಿ, ಅವಳಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ ನಾನು. ಆಗುತ್ತಿತ್ತು ತಾಯಿ, ತೆಗೆಯದಿದ್ದರೂ ಆಗುತ್ತಿತ್ತು.