ವಿಮಾನದ ಬಾಗಿಲಿಗೆ ಆಯ

"ಒಂದು ಪಾಯಿಂಟ್ ಮೂರು," ಅಂದರು ನರಹರಿರಾಯರು. "ಅಷ್ಟು ಜಾಸ್ತಿ ಅದ."

ಅಳೆಯುವ ವರ್ನಿಯರಿನ ಎರಡು ದವಡೆಗಳನ್ನು ಮಾಡೆಲ್ ವಿಮಾನದ ಪೈಲಟ್ಟಿನ ಕೋಣೆಯ ಪುಟ್ಟ ಬಾಗಿಲಿನ ಚೌಕಟ್ಟಿನೊಳಗೆ ಅವರು ಇಟ್ಟು ನೋಡಿದ್ದು ಇದು ಮೂರನೆಯ ಸಲ. ಮೂರು ಸಲವೂ ಅಗಲ ಎಂಬತ್ತೇಳು ಮಿಲಿಮೀಟರ್ ಬಂತು. ಇರಬೇಕಾದದ್ದು ಎಂಬತ್ತೈದು ಪಾಯಿಂಟ್ ಏಳು. ಚಾಪೆಯ ಮೇಲೆ ಎದುರಿಗೆ ಕೂತಿದ್ದ ಮೌನಪ್ಪ ತನ್ನ ಬೆರಳಿಗೆ ಅಂಟಿದ್ದ ಗೋಂದನ್ನು ಕೆರೆಯತೊಡಗಿದ.

ನೋಟ್‌ಬುಕ್ಕಿನಲ್ಲಿ ಇನ್ನೂರ ಹನ್ನೆರಡು ಅಳತೆಗಳಿದ್ದವು. ಇನ್ನೂರ ಹನ್ನೊಂದರ ಮುಂದೆ ಕೆಂಪು ಪೆನ್ಸಿಲ್ಲಿನ ಗುರುತು ಬಿದ್ದಾಗಿತ್ತು. ಈ ಬಾಗಿಲಿಗೂ ಗುರುತು ಬಿದ್ದಿದ್ದರೆ ಮುಂದಿನ ಭಾನುವಾರ ವಿಮಾನದ ಬೆನ್ನಿಗೆ ತಗಡು ಮುಚ್ಚಿ ಒಳಗಿನ ಕೆಲಸ ಮುಗಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಹದಿನಾಲ್ಕು ತಿಂಗಳ ಭಾನುವಾರಗಳು ಈ ಒಂದು ಗುರುತಿಗೆ ಕಾದಿದ್ದವು.

ಬೇಗಂಪೇಟೆಯ ರಾಯರ ಮನೆಯ ನಡುಮನೆಯಲ್ಲಿ ಈಗ ಮನುಷ್ಯರಿಗೆ ಜಾಗವಿರಲಿಲ್ಲ. ಏಳೂವರೆ ಅಡಿ ಉದ್ದದ ವಿಮಾನ, ರೆಕ್ಕೆ ಇನ್ನೂ ಕೂಡಿಸಿರಲಿಲ್ಲ ಅನ್ನುವುದೇ ಪುಣ್ಯ. ನಿಜವಾದ ವಿಮಾನದ ಎಂಟನೇ ಒಂದು ಪಾಲು. ಆಕಾಶದಿಂದ ನೆಲದ ಫೋಟೋ ತೆಗೆದು ನಕಾಶೆ ಮಾಡುವುದಕ್ಕೆಂದು ಹಾರುತ್ತಿದ್ದ ಎರಡು ಎಂಜಿನ್ನಿನ ಹಳೆಯ ವಿಮಾನವದು. ನರಹರಿರಾಯರು ಅದರ ಮೆಕ್ಯಾನಿಕ್ಕಾಗಿ ಇಪ್ಪತ್ತಾರು ವರ್ಷ ಅದರ ಜೊತೆಗೇ ಹಾರಿದವರು. ಈಗ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದಿರುವ ಕಡೆ ಬರೀ ಬಂಡೆಗಲ್ಲುಗಳಿದ್ದದ್ದನ್ನು ಮೇಲಿನಿಂದ ಕಂಡವರು. ಕೊನೆಗೆ ವಿಮಾನವನ್ನು ಗುಜರಿಗೆ ಹಾಕುವ ಮುಂಚೆ ಅವರು ಟೇಪು ಹಿಡಿದು ಒಳಗೆಲ್ಲ ತೆವಳಿ ಅಳತೆ ಬರೆದುಕೊಂಡಿದ್ದರು. ಅದರೊಳಗೆ ಕೂತು ಹಾರಿದ್ದ ಐವರಲ್ಲಿ ಈಗ ಉಳಿದವರು ಅವರೊಬ್ಬರೇ.

ಅವರಿಗೊಂದು ಅಭ್ಯಾಸ. ಯಾವ ಬಾಗಿಲು ದಾಟುವಾಗಲೂ ತಲೆ ತಗ್ಗಿಸುತ್ತಾರೆ. ವಿಮಾನದಲ್ಲಿ ಪೈಲಟ್ಟಿನ ಕೋಣೆಯ ಬಾಗಿಲು ಐದಡಿಗೂ ಒಂದಿಂಚು ಕಮ್ಮಿ ಇತ್ತು. ಮೊದಲ ವರ್ಷ ಹಣೆಯಲ್ಲಿ ಬುಗುಟು, ಆಮೇಲೆ ಕುತ್ತಿಗೆಗೆ ಬುದ್ಧಿ ಬಂತು. ಆ ಅಭ್ಯಾಸ ಏಳಡಿ ಬಾಗಿಲಿನ ಈ ಮನೆಯಲ್ಲೂ ಬಿಡಲಿಲ್ಲ. ದೇವರಮನೆಗೆ ಹೋಗುವಾಗ ತಗ್ಗಿದ ತಲೆಯನ್ನು ಕಂಡು ಸೊಸೆ ಮಾವನವರದು ಎಂಥ ಭಕ್ತಿ ಅಂದುಕೊಂಡಿದ್ದಾಳೆಂದೂ, ಬಚ್ಚಲಿಗೆ ಹೋಗುವಾಗಲೂ ಅಷ್ಟೇ ಭಕ್ತಿ ಇರುತ್ತದೆಂದು ಅವಳಿಗೆ ಗೊತ್ತಿಲ್ಲವೆಂದೂ ಹೆಂಡತಿ ಅಹಲ್ಯಾಬಾಯಿ ಚೇಷ್ಟೆ ಮಾಡುತ್ತಿದ್ದರು.

ಮೌನಪ್ಪ ಸುರಪುರದ ಕಡೆಯ ಬಡಿಗ. ಲಿಂಗಂಪಲ್ಲಿಯಲ್ಲಿ ಮನೆ. ಮಾದಾಪುರದ ಅಂಗಡಿಯೊಂದರಲ್ಲಿ ಬಿಲ್ಡರುಗಳಿಗೆ ಮಾಡೆಲ್ ಮಾಡಿಕೊಡುವ ಕೆಲಸ. ಇನ್ನೂ ಪಾಯ ತೋಡದ ವಿಲ್ಲಾಗಳು ಆ ಮಾಡೆಲ್ ನೋಡಿಯೇ ಮಾರಿಹೋಗುತ್ತಿದ್ದ ಕಾಲ ಅದು. ಸ್ಪಂಜಿನ ಮರ, ನೀಲಿ ಪ್ಲಾಸ್ಟಿಕ್ಕಿನ ಈಜುಕೊಳ, ಹೊರಗೆ ಥಳುಕು, ಒಳಗೆ ಬರೀ ಟೊಳ್ಳು. ಅಂಥ ನಾನೂರು ಮನೆಗಳನ್ನಾದರೂ ಅವನು ಕಟ್ಟಿದ್ದ. ಮಗ ಫ್ಲಾಟು ಕೊಳ್ಳುವಾಗ ಜೊತೆಗೆ ಹೋದ ನರಹರಿರಾಯರು ಒಂದು ಮಾಡೆಲ್ ಮನೆಯ ಬಾಗಿಲನ್ನು ಉಗುರಿನಿಂದ ತಳ್ಳಿದರೆ ಅದು ತೆರೆದುಕೊಂಡಿತ್ತು. ಸೂಜಿ ತುಂಡು ಮಾಡಿ ಕೀಲು ಹಾಕಿತ್ತು. ಯಾರೂ ತೆರೆಯದ ಬಾಗಿಲಿಗೆ ಕೀಲು ಹಾಕಿದವನು ಯಾರು ಎಂದು ಕೇಳಿಕೊಂಡು ಅವರು ಸೀದಾ ಮಾದಾಪುರಕ್ಕೆ ಹೋಗಿದ್ದರು. ಅದಕ್ಕೂ ಮುಂಚೆ ಬಂದ ಮೂವರು ಮಾಡೆಲ್ಲಿನವರನ್ನು ಅವರು ವಾಪಸು ಕಳಿಸಿದ್ದರು. ಇಂಚನ್ನು ಮಿಲಿಮೀಟರಿಗೆ ತರುವಲ್ಲಿ ಅವರೆಲ್ಲ ಎಡವಿದ್ದರಿಂದ, ಮೌನಪ್ಪನಿಗಾಗಿ ಇಡೀ ನೋಟ್‌ಬುಕ್ಕನ್ನು ತಾವೇ ಮಿಲಿಮೀಟರಿನಲ್ಲಿ ಹೊಸದಾಗಿ ಬರೆದು ಕೊಟ್ಟಿದ್ದರು.

ಆಮೇಲೆ ಮೌನಪ್ಪ ಮಾಡಿದ್ದನ್ನು ಹೇಳುತ್ತ ಕೂತರೆ ಹೊತ್ತು ಸಾಲದು. ಇಂಥ ವಿಮಾನದ ಒಳಗಿನ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಒಂದೊಂದನ್ನೂ ಹುಟ್ಟಿಸಬೇಕು. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿದ್ದ ಭಾವಮೈದುನನಿಂದ ಖಾಲಿ ಗುಳಿಗೆ ಪಟ್ಟಿ ತರಿಸಿ, ಅದರ ಗುಂಡನೆಯ ಪ್ಲಾಸ್ಟಿಕ್ಕಿನಿಂದ ಮೀಟರುಗಳಿಗೆ ಗಾಜು ಮಾಡಿದ. ಹಳೆಯ ಗೋಡೆ ಗಡಿಯಾರದ ಹಲ್ಲುಚಕ್ರವನ್ನು ತಗಡಿನ ಮೇಲೆ ಉರುಳಿಸಿ ಸಾಲು ಸಾಲು ರಿವಿಟ್ಟು ಮೂಡಿಸಿದ. ಸ್ವಿಚ್ಚುಗಳ ತಲೆ ಗುಂಡುಸೂಜಿಯದು, ಪೈಪುಗಳು ಖಾಲಿ ರಿಫಿಲ್ಲಿನವು. ಟೆಲಿಫೋನ್ ತಂತಿಯ ಅರವತ್ತನಾಲ್ಕು ಎಳೆಗಳನ್ನು, ಬಣ್ಣ ತಪ್ಪದಂತೆ, ಬಾಗಿಲಿದ್ದ ಅಡ್ಡಗೋಡೆಯ ತೂತುಗಳಲ್ಲಿ ಹಾಯಿಸಿ ಹಿಂದಿನ ಕ್ಯಾಮೆರಾದವರೆಗೆ ಒಯ್ದ. ಐದು ಸೀಟುಗಳಿಗೆ ದಿಂಬು ಹೊಲಿದವಳು ಅವನ ಹೆಂಡತಿ ಶಂಕ್ರಮ್ಮ. ಹತ್ತಿ ತುಂಬಿದರೆ ಗಂಟು ಕಾಣುತ್ತದೆಂದು ಎಕ್ಕದ ಕಾಯಿ ಒಡೆದು ಅದರ ಅರಳೆ ತುಂಬಿದಳು. ಐದನೆಯ ಸೀಟು ಬಾಗಿಲ ಪಕ್ಕದ್ದು, ಗೋಡೆಗೆ ಮಡಚಿಡುವಂಥದ್ದು, ಮೆಕ್ಯಾನಿಕ್ಕಿನದು. ಅದು ಬಂದ ದಿನ ನರಹರಿರಾಯರು ಕಿರುಬೆರಳಿನಿಂದ ದಿಂಬು ಒತ್ತಿ ನೋಡಿ, ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ, ಅಂಥ ಕೈಗಳನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಅಂಥವನ ಕೈಯಲ್ಲಿ ಒಂದು ಪಾಯಿಂಟ್ ಮೂರು ಹೆಚ್ಚಾದದ್ದು ಹೇಗೆ? ಅರ್ಧ ಮಿಲಿಮೀಟರಿನೊಳಗೆ ಇದ್ದರೆ ರಾಯರು ಮಾಫಿ ಮಾಡುತ್ತಿದ್ದರು.

"ಗರಗಸ ಜಾರಿತೇನು?" ಎಂದು ಅವರೇ ದಾರಿ ತೋರಿಸಿದರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಕೈತಪ್ಪು ಎಂಥವರಿಗೂ ಆಗುತ್ತದೆ. ಆದರೆ ಮೌನಪ್ಪ ಸುಳ್ಳು ಹೇಳಲಿಲ್ಲ. "ಜಾರಿಲ್ರಿ ಸಾಹೇಬ್ರ. ಬೇಕಂತನ ಮಾಡೀನ್ರಿ. ಆಯ ಕೂಡಲಿಲ್ರಿ."

ಅವನ ಮನೆತನದಲ್ಲಿ ಆಯ ನೋಡದೆ ಬಾಗಿಲು ಕೊಯ್ದವರಿಲ್ಲ. ಉದ್ದಕ್ಕೆ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿದದ್ದು ಆ ಬಾಗಿಲಿನ ಆಯ. ಒಂದು ಉಳಿದರೆ ಧ್ವಜ, ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಮೂರು, ಐದು, ಏಳೂ ನಡೆಯುತ್ತವೆ. ಸರಿಸಂಖ್ಯೆ ಉಳಿದರೆ ಕೆಟ್ಟದ್ದು. ವಿಲ್ಲಾ ಮಾಡೆಲ್ಲುಗಳ ಬಾಗಿಲಿಗೂ ಅವನು ಯಾರಿಗೂ ಹೇಳದೆ ಹೀಗೇ ಒಂದಿಷ್ಟು ಆಚೀಚೆ ಮಾಡುತ್ತಿದ್ದ, ಯಾರೂ ವರ್ನಿಯರ್ ಹಿಡಿದು ಬಂದಿರಲಿಲ್ಲ. ಪಾಯಿಂಟು ಬಿಟ್ಟು ಪೂರ್ತಿ ಮಿಲಿಮೀಟರಿಗೆ ತಂದರೆ ಈ ಬಾಗಿಲು ಎಂಬತ್ತಾರಕ್ಕೆ ನೂರಾ ಎಂಬತ್ತೇಳು. ಲೆಕ್ಕ ಹಾಕಿದರೆ ಎರಡು ಉಳಿಯಿತು, ಧೂಮ. ಧೂಮವೆಂದರೆ ಹೊಗೆ. ಹಾರುವ ವಿಮಾನಕ್ಕೆ ಹೊಗೆಯ ಬಾಗಿಲು ಇಡುವುದೆಂದರೆ ಅವನ ಕೈ ಏಳಲಿಲ್ಲ. ಅಗಲವನ್ನು ಒಂದು ಮಿಲಿಮೀಟರ್ ಹೆಚ್ಚಿಸಿದರೆ ಐದು ಉಳಿಯಿತು, ವೃಷಭ. ಅಷ್ಟು ಮಾಡಿ ಅವನು ನೆಮ್ಮದಿಯಿಂದ ಗೋಂದು ಹಚ್ಚಿದ್ದ.

ಇದನ್ನೆಲ್ಲ ಕೇಳಿ ರಾಯರ ಮುಖ ಕೆಂಪಾಯಿತು. ಇಪ್ಪತ್ತಾರು ವರ್ಷ ಒಂದು ಅಳತೆಯನ್ನೂ ಸುಳ್ಳು ಬರೆಯದವರು ಅವರು. ಕೈ ತಪ್ಪಿದ್ದರೆ ಮಾಫಿ ಇತ್ತು, ತಿಳಿದೂ ತಿಳಿದೂ ತಪ್ಪು ಮಾಡುವುದೆಂದರೇನು? ಆ ವಿಮಾನ ಕಟ್ಟಿದವರು ಆಯ ಗೀಯ ನೋಡಿರಲಿಲ್ಲ, ಆದರೂ ಅದು ಒಂದು ದಿನವೂ ಯಾರನ್ನೂ ಕೆಳಗೆ ಬೀಳಿಸಲಿಲ್ಲ ಎಂದು ರೇಗಿದರು.

"ಗೊಂಬಿ ವಿಮಾನ ಇದು, ಮೌನಪ್ಪ. ಇದಕ್ಕ್ಯಾಕ ಆಯ? ಇದರಾಗ ಯಾರು ಕೂಡ್ತಾರ?"

"ನೀವ ಕೂಡ್ತೀರಲ್ರಿ," ಅಂದ ಮೌನಪ್ಪ. "ದಿನಾ ಕೂಡ್ತೀರಿ. ನಾ ನೋಡೀನ್ರಿ."

ಚಹಾ ತಂದಿದ್ದ ಅಹಲ್ಯಾಬಾಯಿ ಬಾಗಿಲಲ್ಲೇ ನಿಂತರು. ರಾಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ದನಿ ತಗ್ಗಿಸಿ, ಅಡ್ಡಗೋಡೆ ಕಿತ್ತು ಬೇರೆಯದು ಮಾಡಬೇಕು, ಆಗದಿದ್ದರೆ ಕೆಲಸ ಇಲ್ಲಿಗೇ ನಿಲ್ಲಲಿ ಎಂದರು. ಅರವತ್ತನಾಲ್ಕು ಎಳೆಗಳು ಆ ಗೋಡೆಯಲ್ಲಿ ಹಾದಿದ್ದವು. ಮೌನಪ್ಪ ಚಹಾ ಕುಡಿಯದೆ ಎದ್ದ.

ಆ ವಾರ ಅವನು ಅಂಗಡಿಯಲ್ಲಿ ಎರಡು ವಿಲ್ಲಾಗಳಿಗೆ ಕಿಟಕಿಯನ್ನು ತಲೆಕೆಳಗಾಗಿ ಅಂಟಿಸಿದ. ಗೋಡೆ ಕೀಳುವುದಕ್ಕೆ ಅವನ ತಕರಾರಿರಲಿಲ್ಲ. ಅಷ್ಟೂ ಎಳೆಗಳನ್ನು ಬಿಡಿಸಿ ಮತ್ತೆ ಪೋಣಿಸಿಯಾನು. ಆದರೆ ಎಂಬತ್ತು ದಾಟಿದ ಮುದುಕ ದಿನವೂ ಮನಸ್ಸಿನಲ್ಲಿ ಹೋಗಿ ಕೂರುವ ಜಾಗಕ್ಕೆ ಗೊತ್ತಿದ್ದೂ ಹೊಗೆಯ ಬಾಗಿಲು ಇಡುವುದು ಹೇಗೆ? ಇಡದಿದ್ದರೆ, ಈ ಜನ್ಮದಲ್ಲಿ ತಾನು ಮಾಡಿದ ಒಳಗೂ ಇರುವ ಒಂದೇ ಕೆಲಸ ಬೆನ್ನು ತೆರೆದುಕೊಂಡೇ ಉಳಿಯುತ್ತದೆ. ಶಂಕ್ರಮ್ಮ ಒಂದೇ ಮಾತು ಹೇಳಿದಳು. "ಆಗೂದಿಲ್ಲಂತ ಅವರ ಮುಂದ ಹೋಗಿ ಹೇಳ್ರಿ. ಹೇಳ್ದ ಕೇಳ್ದ ಬಿಟ್ಟ ಬರಬ್ಯಾಡ್ರಿ."

ಭಾನುವಾರ ಅವನು ಹಾಗೆ ಹೇಳಲೆಂದೇ ರೈಲು ಹತ್ತಿದ. ರಾಯರು ಕೊಟ್ಟಿದ್ದ ಫೋಟೋ, ನೋಟ್‌ಬುಕ್ಕು ಎಲ್ಲವನ್ನೂ ವಾಪಸು ಕೊಡಲೆಂದು ಉಪಕರಣಗಳ ಚೀಲದಲ್ಲಿಟ್ಟುಕೊಂಡಿದ್ದ.

ಆದರೆ ಬಾಯಿ ತೆರೆಯುವುದಕ್ಕೆ ರಾಯರು ಬಿಡಲಿಲ್ಲ. ಒಂದು ಹಾಳೆಯನ್ನು ಮುಂದೆ ತಳ್ಳಿ, ಲೆಕ್ಕ ಸರಿ ಇದೆಯೇ ನೋಡು ಎಂದರು. ನಾಲ್ಕು ದಿನದಿಂದ ಅದನ್ನೇ ಹಿಡಿದು ಕೂತಿದ್ದಾರೆಂದು ಅಡಿಗೆಮನೆಯಿಂದ ಅಹಲ್ಯಾಬಾಯಿಯ ದೂರು ಕೇಳಿಸಿತು. ಹಾಳೆಯ ಮೇಲೆ, ಹಳೆಯ ಮೂಲ ನೋಟ್‌ಬುಕ್ಕಿನಿಂದ ತೆಗೆದ, ನಿಜವಾದ ವಿಮಾನದ ನಿಜವಾದ ಬಾಗಿಲು ಇಂಚಿನಲ್ಲಿತ್ತು. ಅಗಲ ಇಪ್ಪತ್ತೇಳು, ಎತ್ತರ ಐವತ್ತೊಂಬತ್ತು.

ಮೌನಪ್ಪ ಪೆನ್ಸಿಲ್ ತೆಗೆದುಕೊಂಡ. ಗುಣಿಸಿದರೆ ಒಂದು ಸಾವಿರದ ಐನೂರ ತೊಂಬತ್ಮೂರು. ಅದನ್ನು ಒಂಬತ್ತರಿಂದ ಗುಣಿಸಿದರೆ ಹದಿನಾಲ್ಕು ಸಾವಿರದ ಮುನ್ನೂರ ಮೂವತ್ತೇಳು. ಎಂಟರಿಂದ ಭಾಗಿಸಿದ. ಒಂದು ಉಳಿಯಿತು. ನಂಬದೆ ಮತ್ತೊಮ್ಮೆ ಮಾಡಿದ. ಒಂದೇ ಉಳಿಯಿತು.

"ಧ್ವಜಾಯ ಐತ್ರಿ," ಅಂದ.

"ನಾ ಹಾದು ಬಂದ ಬಾಗಲಾ ಅದು," ಅಂದರು ರಾಯರು. "ಅದರ ಆಯ ಮೊದಲ ಸರಿ ಇತ್ತು. ನಾ ಕೂಡೂದು ಅದರಾಗ, ಇದರಾಗಲ್ಲ."

ಮೌನಪ್ಪ ತಲೆ ಆಡಿಸಿದನಾದರೂ ಸಮಾಧಾನವಾಗಲಿಲ್ಲ. ದೊಡ್ಡ ಬಾಗಿಲಿಗೆ ಧ್ವಜ, ಅದೇ ಬಾಗಿಲು ಚಿಕ್ಕದಾದರೆ ಹೊಗೆ ಆಗುವುದು ಹೇಗೆ? ಯೋಚಿಸುತ್ತಿದ್ದಂತೆ ಅವನ ಕೈ ಚೀಲದ ತಳಕ್ಕೆ ಹೋಯಿತು. ಅಪ್ಪನ ಸಾಗುವಾನಿ ಅಡಿಪಟ್ಟಿ ಅಲ್ಲಿತ್ತು. ಅಂಗಡಿಯಲ್ಲಿ ಎಲ್ಲವೂ ಮಿಲಿಮೀಟರಾದ ಮೇಲೆ ಅದನ್ನು ಅವನು ಹೊರತೆಗೆದೇ ಇರಲಿಲ್ಲ. ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಸೂತು, ಅಪ್ಪನ ಕಾಲದ ಬಡಿಗರು ಅಳೆದದ್ದೆಲ್ಲ ಸೂತಿನಲ್ಲಿ. ವಿಮಾನ ಎಂಟನೇ ಒಂದು ಪಾಲಿನದು. ಹಾಗಾದರೆ ಅಲ್ಲಿನ ಇಂಚು ಇಲ್ಲಿನ ಸೂತು. ಅವನು ಪಟ್ಟಿಯ ಗೆರೆಗಳ ಮೇಲೆ ಉಗುರು ಸರಿಸುತ್ತ ಎಣಿಸಿದ. ಇಪ್ಪತ್ತೇಳು ಸೂತಿಗೆ ಐವತ್ತೊಂಬತ್ತು ಸೂತು. ಬಾಗಿಲು ಚಿಕ್ಕದಾದರೂ ಲೆಕ್ಕ ಅದೇ, ಉಳಿಯುವುದೂ ಅದೇ ಒಂದು.

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. "ನಮ್ಮಪ್ಪನ ಪಟ್ಟೀಲೆ ನೋಡಿದ್ರ ಸರಿನ ಇತ್ರಿ ಸಾಹೇಬ್ರ. ನಾನ ಅಂಗಡಿ ಪಟ್ಟೀಲೆ ನೋಡಿ ಕೆಡಿಸೀನ್ರಿ."

"ಮಿಲಿಮೀಟರಿಗೆ ತಂದಾಂವ ನಾ," ಅಂದರು ರಾಯರು. "ಇಬ್ಬರದೂ ಅರ್ಧರ್ಧ ಇರಲಿ."

ಅಡ್ಡಗೋಡೆ ಕಿತ್ತು ಹೊಸದು ನಿಲ್ಲಿಸಲು ಮೂರು ಭಾನುವಾರ ಹಿಡಿಯಿತು. ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಅಹಲ್ಯಾಬಾಯಿಯ ಹಪ್ಪಳದ ಹಲಗೆಯ ಮೇಲೆ ಬಣ್ಣವಾರು ಸಾಲಿಟ್ಟು, ಮತ್ತೆ ಪೋಣಿಸಿದ. ಹೊಸ ಬಾಗಿಲನ್ನು ಅಪ್ಪನ ಪಟ್ಟಿಯಿಂದಲೇ ಗೆರೆ ಹಾಕಿ ಕೊಯ್ದ. ನಾಲ್ಕನೆಯ ಭಾನುವಾರ ಶಂಕ್ರಮ್ಮನೂ ಜೊತೆಗೆ ಬಂದಳು. ತಾನು ಹೊಲಿದ ದಿಂಬುಗಳು ತಗಡಿನ ಕೆಳಗೆ ಮರೆಯಾಗುವ ಮುಂಚೆ ಒಮ್ಮೆ ನೋಡಬೇಕಿತ್ತಂತೆ.

ಮೌನಪ್ಪ ಪೈಲಟ್ಟಿನ ಕೋಣೆಯೊಳಗಿನ ಸಣ್ಣ ಬಲ್ಬು ಹತ್ತಿಸಿ ಬಾಗಿಲು ತೆರೆದಿಟ್ಟ. ರಾಯರು ಬಾಲದ ಕಡೆ ಚಾಪೆಯ ಮೇಲೆ ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ವರ್ನಿಯರ್ ಅವರ ಬಲಗೈಯಲ್ಲಿತ್ತು. ಮೊದಲು ಕ್ಯಾಮೆರಾ, ಆಮೇಲೆ ನಕಾಶೆಯ ಮೇಜು, ಆಮೇಲೆ ಬಾಗಿಲ ಪಕ್ಕದ ಮಡಚುವ ಸೀಟು. ಅವರ ತುಟಿ ಒಂದೊಂದರ ಹೆಸರು ಹೇಳುತ್ತಿರುವಂತೆ ಅಲ್ಲಾಡುತ್ತಿತ್ತು. ಅಳತೆಯ ಮಾತನ್ನು ಯಾರೂ ಎತ್ತಲಿಲ್ಲ. ಅವರು ಕಣ್ಣು ತೆಗೆಯದೆಯೇ ವರ್ನಿಯರನ್ನು ಚಾಪೆಯ ಮೇಲಿಟ್ಟರು.

ಆಮೇಲೆ, ಬಾಗಿಲು ಬಂದಾಗ, ರಾಯರು ತಲೆ ತಗ್ಗಿಸಿದರು.