ನಾಲ್ಕು ದಿನಕ್ಕೆ ಅರ್ಧ

ನನ್ನ ನಾದಿನಿ ಇಂದಿರಾಬಾಯಿಯ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿ ಆರು ತಿಂಗಳಾಗಿತ್ತು. ಹೊಸಪೇಟೆಯ ಡಾಕ್ಟರು ಅದನ್ನು ಅರ್ಬುದ, ಅಂದರೆ ಕ್ಯಾನ್ಸರ್, ಎಂದು ಹೇಳಿ, ಮದರಾಸಿನಿಂದ ಔಷಧ ತರಿಸಿದರು. ರೇಡಿಯಂನಿಂದ ಹುಟ್ಟುವ ಅನಿಲವನ್ನು ಅಕ್ಕಿಕಾಳಿನಷ್ಟು ಸಣ್ಣ ಬಂಗಾರದ ಕೊಳವೆಗಳಲ್ಲಿ ತುಂಬಿ ಮುಚ್ಚಿದ್ದರು. ಅವನ್ನು ಹುಣ್ಣಿನ ಸುತ್ತ ಚುಚ್ಚಿ ಇಡಬೇಕು.

ಪೆಟ್ಟಿಗೆ ಮಂಗಳವಾರದ ರೈಲಿಗೆ ಬಂತು. ಕಂಪೌಂಡರ್ ಅಂದಾನಪ್ಪ ಡಾಕ್ಟರ ಇಂಗ್ಲಿಷ್ ಚೀಟಿ ಹಿಡಿದು ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದ. ಮಾವ ವೆಂಕೋಬಾಚಾರ್ಯರು ಅದನ್ನು ನನಗೆ ಕೊಟ್ಟರು.

"ಓದಮ್ಮ, ಮದ್ರಾಸ್ ಬಿ.ಎ."

ಔಷಧದ ಶಕ್ತಿ ನಾಲ್ಕು ದಿನಕ್ಕೆ ಅರ್ಧ ಸಾಯುತ್ತದೆ, ಇಂದೇ ಕರೆತನ್ನಿ, ಎಂದಿತ್ತು.

ಕಾಲೇಜಿನಲ್ಲಿ ಕಲಿತಿದ್ದೆ. ಪರಮಾಣುವಿನ ತಿರುಳಿನಲ್ಲಿ ಒಂದನ್ನೊಂದು ದೂಡುವ ಕಣಗಳಿವೆ. ಅವನ್ನು ಹಿಡಿದಿಡುವ ಬಲ ಬಹಳ ದೊಡ್ಡದು, ಆದರೆ ಪಕ್ಕದ ಕಣವನ್ನು ದಾಟಿ ಹೆಚ್ಚು ದೂರ ಮುಟ್ಟುವುದಿಲ್ಲ. ತಿರುಳು ತೀರ ದೊಡ್ಡದಾದರೆ ಹಿಡಿತ ಸಾಲದೆ ಒಂದು ಚೂರು ಸಿಡಿದು ಹೋಗುತ್ತದೆ. ಯಾವ ಪರಮಾಣು ಯಾವಾಗ ಎಂದು ಯಾರೂ ಹೇಳಲಾರರು. ಈ ಅನಿಲದಲ್ಲಿ ನಾಲ್ಕು ದಿನಕ್ಕೆ ಹತ್ತಿರಹತ್ತಿರ ಅರ್ಧದಷ್ಟು ಸಿಡಿದು ಮುಗಿಯುತ್ತವೆ ಎಂಬುದು ಮಾತ್ರ ತಪ್ಪುವುದಿಲ್ಲ.

ಇಂದಿರಾ ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಯುತ್ತದೆ ಎಂಬ ಮಾತನ್ನು ಅವಳೆದುರು ಆಡಲಾರದೆ ಹೋದೆ.

"ಶಕ್ತಿ ತುಸು ಕಡಿಮಿ ಆಗ್ತದಂತ್ರಿ. ಜಲ್ದಿ ಬರ್ರಿ ಅಂದಾರ."

ತುಸು ಎಂಬುದು ಚೀಟಿಯಲ್ಲಿರಲಿಲ್ಲ.

"ಬಂಗಾರದಾಗ ಮುಚ್ಚಿಟ್ಟದ್ದು ಎಲ್ಲಿ ಹೋಗ್ತದ?" ಎಂದರು ಮಾವ. "ಇವತ್ತು ಮಂಗಳವಾರ. ನಾಳೆ ಅಮಾಸಿ, ನಾಡಿದ್ದು ಪಾಡ್ಯ. ಶುಕ್ರವಾರ ಮನಿಮಗಳನ್ನ ಹೊರಗ ಕಳಸಂಗಿಲ್ಲ. ಶನಿವಾರ ಬರ್ತೀವಿ."

"ಡಾಕ್ಟರು ಬೈತಾರ್ರಿ, ಆಚಾರ್ರ," ಎಂದ ಅಂದಾನಪ್ಪ.

"ನಿನಗ ಬೈತಾರಪ್ಪ. ನನಗಲ್ಲ."

ಇಂದಿರಾ ನನ್ನ ಕಡೆ ನೋಡಿ ನಕ್ಕಳು. "ಇರ್ಲಿ ವೈನಿ. ಬಾಯಾಗ ಬಂಗಾರ ಬರೂದು ಅಂದ್ರ ಮುಹೂರ್ತ ಬ್ಯಾಡೇನು?"

ಬುಧವಾರ ಮಾವನ ಪೂಜೆ ಮುಗಿಯುವವರೆಗೆ ಕಂಬದ ಬಳಿ ನಿಂತಿದ್ದೆ. ಗುರುವಾರವೂ ನಿಂತಿದ್ದೆ. ಈಗ ಅರ್ಧ ಎಂದರೆ, ಮೊನ್ನೆ ಯಾಕೆ ತುಸು ಎಂದೆ ಎನ್ನುತ್ತಾರೆ. ಆ ಪ್ರಶ್ನೆಗೆ ಹೆದರಿ ಒಳಗೆ ಹೋದೆ.

ಶನಿವಾರ ಡಾಕ್ಟರು ಕೇಳಿದ್ದು ಒಂದೇ. "ಚೀಟಿ ಓದಿದವರು ಯಾರು?"

"ನಾನೇ."

ಅವರು ಅರ್ಧ ಶಕ್ತಿ ಉಳಿದಿದ್ದ ಆ ಕೊಳವೆಗಳನ್ನೇ ಚುಚ್ಚಿದರು. ಹುಣ್ಣು ಕುಗ್ಗಿತು, ಎರಡು ತಿಂಗಳಿಗೆ ಮತ್ತೆ ಬೆಳೆಯಿತು. ಅಷ್ಟರಲ್ಲಿ ಯುದ್ಧ ಶುರುವಾಗಿ, ಇನ್ನೊಂದು ಪೆಟ್ಟಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಇಂದಿರಾ ನನ್ನ ಕೈ ತಡೆದಳು. ಮಾತು ತೊದಲುತ್ತಿತ್ತು.

"ವೈನಿ, ಚೀಟಿಯೊಳಗ ಖರೇನ ಏನಿತ್ತು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಪಡಸಾಲೆಯಲ್ಲಿ ಮಾವ ಪಾರಾಯಣ ಮಾಡುತ್ತಿದ್ದರು.

"ಅಪ್ಪಗ ಹೇಳಬ್ಯಾಡ್ರಿ," ಎಂದಳು. "ತಡಕೊಳ್ಳಂಗಿಲ್ಲ."

ಮಾಘದಲ್ಲಿ ಹೋದಳು. ಮಾತನಾಡಿಸಲು ಬಂದವರಿಗೆಲ್ಲ ಮಾವ, ಮದ್ರಾಸಿನ ಔಷಧ ನಮ್ಮ ಹುಡಿಗಿ ಮೈಗೆ ಹಿಡೀಲಿಲ್ಲ, ಎನ್ನುತ್ತಾರೆ. ಬಂದವರು ನನ್ನ ಕಡೆ ತಿರುಗುತ್ತಾರೆ, ಓದಿದವಳೆಂದು.

"ಹೌದ್ರಿ," ಎನ್ನುತ್ತೇನೆ.