ಎರಡನೆಯ ಬೀಗದಕೈ

ಎಲ್ಲ ಗಡಿಯಾರಕ್ಕೂ ಎರಡು ಮುಳ್ಳಾದರೆ ಕಬ್ಬಿಣದ ಬೀರು ಮಾಡುವ ಆ ಕಾರ್ಖಾನೆಯ ಗಡಿಯಾರಕ್ಕೆ ಮೂರು. ಮೂರನೆಯದು ಧಣಿ. ಬೆಳಗಿನ ಸೈರನ್ ಕೂಗುವ ಮೊದಲೇ ಗೇಟಿನೊಳಗೆ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹೇರಿ ಕೂತುಬಿಡುತ್ತಿದ್ದ. ಕೆಲಸದವರು ಬೆನ್ನ ಹಿಂದೆ ಅವನನ್ನು ಮುಳ್ಳಪ್ಪ ಎನ್ನುತ್ತಿದ್ದರು. ತಡವಾಗಿ ಬಂದವನನ್ನು ಅವನು ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು, ಬೈಗುಳ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತದೆ. ತಡವಾದವನು ಕುರ್ಚಿಯ ಪಕ್ಕ ನಿಂತು, ಒಳಗಿನವರಿಗೆಲ್ಲ ಕೇಳುವ ಹಾಗೆ, ಯಾಕೆ ತಡವಾಯಿತೆಂದು ಕೂಗಿ ಹೇಳಬೇಕಾಗಿತ್ತು. ದೊಡ್ಡವರ ಹೊಟ್ಟೆ ಕೆಟ್ಟರೆ ಡಾಕ್ಟರು ಮನೆಗೇ ಬಂದು ಪಿಸುಗುಡುತ್ತಾನೆ. ದುಡಿಯುವವನ ಹೊಟ್ಟೆ ಕೆಟ್ಟರೆ ಊರಿಗೆಲ್ಲ ಡಂಗುರ.

ವೆಲ್ಡರ್ ದಿನವೂ ತಡ. ದಿನವೂ ಒಂದು ಹೊಸ ಸುಳ್ಳು.

"ಇವತ್ತೇನಪ್ಪಾ?"

"ಕಾಲು ಉಳುಕಿತು ಸಾರ್."

"ಹೋದ ವಾರಾನೂ ಉಳುಕಿತ್ತು. ಆಗ ಎಡಗಾಲು ಅಂದಿದ್ದೆ. ಇವತ್ತು ಬಲಗಾಲು ಕುಂಟ್ತಿದ್ದೀಯ."

"ನೋವು ಸಾರ್ ಅದು, ನಮ್ಮ ಹಾಗಲ್ಲ. ಒಂದೇ ಕಡೆ ನಿಂತು ದುಡಿಯೋದಿಲ್ಲ."

ಬಣ್ಣ ಹೊಡೆಯುತ್ತಿದ್ದ ಪೇಂಟರನಿಗೆ ನಗು ತಡೆಯಲಾಗದೆ ಕೈ ಅಲ್ಲಾಡಿ, ಹೊಸ ಬೀರುವಿನ ಕನ್ನಡಿಗೆ ಹಸಿರು ಮೀಸೆ ಮೂಡಿತು. ಧಣಿ ನಗಲಿಲ್ಲ. ನಾಳೆ ಇವನು ಯಾವ ಕಾಲು ಕುಂಟುತ್ತಾನೋ ನೋಡಬೇಕೆಂದು ನೆನಪಿಟ್ಟುಕೊಂಡ, ಅಷ್ಟೆ.

ನಿಜವನ್ನು ವೆಲ್ಡರ್ ಯಾರಿಗೂ ಹೇಳಿರಲಿಲ್ಲ. ಅವನ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಅವಳ ಬಸ್ಸು ಮನೆ ಹತ್ತಿರದ ನಿಲ್ದಾಣಕ್ಕೆ ಬರುವ ಹೊತ್ತಿಗೆ ಇಲ್ಲಿ ಸೈರನ್. ಸಂಜೆ ಇವನು ಕೆಲಸ ಬಿಡುವ ಮೊದಲೇ ಅವಳು ಹೊರಟಿರುತ್ತಿದ್ದಳು. ಇವನಿಗೆ ರಜೆಯಿದ್ದ ದಿನ ಅವಳಿಗಿಲ್ಲ, ಅವಳಿಗಿದ್ದ ದಿನ ಇವನಿಗಿಲ್ಲ.

ಇದ್ದದ್ದು ಒಂದೇ ಕೋಣೆ, ಒಂದು ಬೀಗ, ಒಂದೇ ಬೀಗದಕೈ. ಸಂಜೆ ಅವಳು ಕಾರ್ಖಾನೆಯ ಎದುರೇ ಬಸ್ಸು ಹತ್ತುತ್ತಿದ್ದಳು. ಹತ್ತುವ ಮೊದಲು ಬೀಗದಕೈಯನ್ನು ಗೇಟಿನ ಕಾವಲುಗಾರನಿಗೆ ಕೊಡುತ್ತಿದ್ದಳು. ಆಮೇಲೆ ಅದು ಇವನ ಕೈಗೆ ಬಂದಾಗ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಲೋಕಕ್ಕೆ ಆ ವಾಸನೆ ಎಂದರೆ ಕಕ್ಕಸು ನೆನಪಾಗುತ್ತದೆ. ಇವನು ಬೀಗದಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಮನೆಗೆ ನಡೆಯುತ್ತಿದ್ದ.

ಬೆಳಗಿನ ಬಸ್ಸು ಬೇರೆ ದಾರಿಯಲ್ಲಿ ಬರುತ್ತಿದ್ದುದರಿಂದ ಇವನೇ ನಿಲ್ದಾಣಕ್ಕೆ ಹೋಗಿ ಬೀಗದಕೈ ಕೊಡಬೇಕಾಗಿತ್ತು. ಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅಲ್ಲೇ ಕೊಟ್ಟುಬಿಡುತ್ತಿರಲಿಲ್ಲ. ಅವಳ ಚೀಲ ಹೆಗಲಿಗೆ ಹಾಕಿಕೊಂಡು, ಬೇಕರಿಯ ತಿರುವು ದಾಟಿ, ಮನೆಯ ಮೆಟ್ಟಿಲವರೆಗೂ ಜೊತೆಗೆ ನಡೆಯುತ್ತಿದ್ದ. ವಾರ್ಡಿನ ಮುದುಕಿಯೊಬ್ಬಳು ತನ್ನನ್ನು ಸೊಸೆ ಎಂದು ತಿಳಿದು ರಾತ್ರಿಯೆಲ್ಲ ಜಗಳ ಆಡಿದಳೆಂದು ಅವಳು ಹೇಳುತ್ತಿದ್ದಳು. ಇವನು ನಗುತ್ತಿದ್ದ. ಅವರ ಸಂಸಾರ ಎಂದರೆ ಆ ಬೀದಿ. ಇನ್ನೊಂದು ಬೀಗದಕೈ ಮಾಡಿಸಬೇಕೆಂದು ಇಬ್ಬರೂ ಆಗಾಗ ಅನ್ನುತ್ತಿದ್ದರು. ಬೀರುಗಳಿಗೆ ಬೀಗ ಕೂರಿಸುವವನು ವೆಲ್ಡರನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ. ಆದರೂ ಮರೆಯುತ್ತಿದ್ದರು. ಅವರು ಮರೆತಷ್ಟು ಮುತುವರ್ಜಿಯಿಂದ ಯಾರೂ ಯಾವುದನ್ನೂ ನೆನಪಿಟ್ಟುಕೊಂಡಿರಲಾರರು.

ಒಂದು ದಿನ ಧಣಿ ಕುರ್ಚಿಯಿಂದ ಎದ್ದೇ ನಿಂತ. "ಸಾಕು ನಿನ್ನ ಹರಿಕಥೆ. ಇವತ್ತು ನಿಜ ಹೇಳು, ಇಲ್ಲಾ ಗೇಟಿಂದ ಹಾಗೇ ಆಚೆ ಹೋಗು."

ವೆಲ್ಡರನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ಬಾಯಿ ಜಾರಿತು. "ಮನೇಗೆ ಇರೋದು ಒಂದೇ ಕೀ ಸಾರ್! ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬರ್ತಾಳೆ. ಅವಳ ಕೈಗೆ ಕೊಟ್ಟು ಬರಬೇಕು. ಸಾಕಾ?"

ಧಣಿಯ ಮುಖ ಅರಳಿತು. ಅದೇ ಆದದ್ದು ಅನಾಹುತ.

"ಅಯ್ಯೋ ಹುಚ್ಚಪ್ಪಾ! ಇಷ್ಟು ದಿನ ಯಾಕೆ ಹೇಳಲಿಲ್ಲ? ಕೀ ಮಾಡೋ ಕಾರ್ಖಾನೇಲಿ ಇದ್ಕೊಂಡು ಕೀಗೆ ಪರದಾಡ್ತಾ ಇದ್ದೀಯಾ?"

ಸಂಜೆ ಅವಳು ಬೀಗದಕೈ ಕೊಟ್ಟು ಬಸ್ಸು ಹತ್ತಿದ್ದೇ ತಡ, ಧಣಿ ಖುದ್ದಾಗಿ ಕಾವಲುಗಾರನಿಂದ ಅದನ್ನು ಇಸಿದುಕೊಂಡು ಬಂದ. ಬೀಗ ಕೂರಿಸುವವನಿಗೆ ವಯಸ್ಸಾಗಿತ್ತು, ಎಲ್ಲರೂ ಅವನನ್ನು ಮಾವ ಎನ್ನುತ್ತಿದ್ದರು. ಅವನು ಹೊಸ ತುಂಡೊಂದನ್ನು ವೈಸ್ ಇಕ್ಕಳಕ್ಕೆ ಬಿಗಿದು, ಅರದಿಂದ ಉಜ್ಜತೊಡಗಿದ. ಬಗ್ಗಿ ಪುಡಿ ಊದುವ ನೆಪದಲ್ಲಿ ವೆಲ್ಡರನ ಕಿವಿಯಲ್ಲಿ ಕೇಳಿದ: "ಒಂದು ಹಲ್ಲು ಜಾಸ್ತಿ ಉಜ್ಜಿಬಿಡ್ಲೇನೋ? ಬೀಗ ತೆಗೆಯಲ್ಲ."

"ಬೇಡ ಮಾವ. ನಿನ್ನ ಅನ್ನಕ್ಕೆ ಕುತ್ತು ಬರುತ್ತೆ."

ಧಣಿ ಹೊಸ ಬೀಗದಕೈಯನ್ನು ಎಲ್ಲರೆದುರು ಇವನ ಅಂಗೈಯಲ್ಲಿಟ್ಟ. "ನಾಳೆ ಒಂದು ದಿನ ತಡ ಆಗಲಿ, ಕೊಟ್ಟು ಬಾ. ನಾಡಿದ್ದಿನಿಂದ ಸೈರನ್ನಿಗೆ ಮೊದಲೇ ಇಲ್ಲಿರಬೇಕು." ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ. ಕೆಡುಕು ಮಾಡಿದವನ ಕುತ್ತಿಗೆಪಟ್ಟಿ ಹಿಡಿಯಬಹುದು, ಉಪಕಾರ ಮಾಡಿದವನನ್ನು ಎಲ್ಲಿ ಹಿಡಿಯುವುದು?

ಮರುದಿನ ನಿಲ್ದಾಣದಲ್ಲಿ ಅವಳು ಹೊಸ ಬೀಗದಕೈಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾರು ಮಾಡಿಸಿದ್ದು?"

"ನಮ್ಮ ಧಣಿ."

"ಒಳ್ಳೇ ಮನುಷ್ಯ," ಎಂದಳು, ಬೇರೆಲ್ಲೋ ನೋಡುತ್ತ. ಬೇಕರಿಯ ತಿರುವಿನವರೆಗೂ ಅದನ್ನು ಬೆರಳಲ್ಲಿ ತಿರುಗಿಸುತ್ತಲೇ ನಡೆದಳು. ಆಮೇಲೆ ಅವಳೇ, "ಹಾಗಾದ್ರೆ ನಾಳೆಯಿಂದ ನೀವು ಬರೋ ಹಾಗಿಲ್ಲ ಅನ್ನಿ," ಎಂದಳು.

"ಹಾಗೇ ಅನ್ನಿಸುತ್ತೆ."

ವೆಲ್ಡರ್ ಹೊತ್ತಿಗೆ ಸರಿಯಾಗಿ ಬರತೊಡಗಿದ. ಸುಳ್ಳು ಕೇಳಲು ಸಿಗದೆ ಪೇಂಟರನಿಗೆ ಬೇಸರವಾಯಿತು. ಮನೆಯಲ್ಲಿ ಅವಳು ಇದ್ದುಹೋದ ಗುರುತುಗಳಷ್ಟೇ ಇವನ ಪಾಲಿಗೆ: ದಿಂಬಿನ ಮೇಲಿನ ತಗ್ಗು, ಬಾಚಣಿಗೆಯಲ್ಲಿ ಸುತ್ತಿಕೊಂಡ ಕೂದಲು, ಇವನಿಗಾಗಿ ಮುಚ್ಚಿಟ್ಟ ತಟ್ಟೆ. ದಿನಾ ಬೆಳಿಗ್ಗೆ ಇವನು ಅವಳಿಗೆಂದು ಫ್ಲಾಸ್ಕಿನಲ್ಲಿ ಚಹಾ ತುಂಬಿಟ್ಟು, ಅದರ ಮುಚ್ಚಳವನ್ನು ಬೇಕೆಂದೇ ಬಿಗಿಯಾಗಿ ತಿರುಗಿಸುತ್ತಿದ್ದ. ತೆಗೆಯಲಾರದೆ ಬೈದುಕೊಳ್ಳಲಿ, ಬೈಯುವಾಗಲಾದರೂ ತನ್ನನ್ನು ನೆನೆಯಲಿ ಎಂದು. ಇವನ ಬೀಗದಕೈಯಲ್ಲಿದ್ದ ಫಿನಾಯಿಲ್ ವಾಸನೆ ದಿನೇದಿನೇ ತೆಳುವಾಯಿತು. ಕೊನೆಗೆ ಉಳಿದದ್ದು ಬರೀ ಕಬ್ಬಿಣದ ವಾಸನೆ. ಕಬ್ಬಿಣದ ವಾಸನೆ ಅವನಿಗೆ ಹೊಸದೇನಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಸೈರನ್ ನಿಂತು ಸ್ವಲ್ಪ ಹೊತ್ತಾಗಿತ್ತು. ಗೇಟಿನ ಬಳಿ ಹೆಂಗಸಿನ ದನಿ ಕೇಳಿ ವೆಲ್ಡರ್ ಮುಖದ ಗುರಾಣಿ ಎತ್ತಿದ. ಅವಳು ಧಣಿಯ ಕುರ್ಚಿಯ ಪಕ್ಕ, ತಡವಾಗಿ ಬಂದವರು ನಿಲ್ಲುವ ಜಾಗದಲ್ಲೇ ನಿಂತಿದ್ದಳು.

"ಕೀ ಕಳೆದುಹೋಯ್ತು ಸಾರ್," ಎಂದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಎಲ್ಲಿ ಕಳೀತಮ್ಮಾ?"

"ಗೊತ್ತಿದ್ರೆ ಅದು ಕಳೆದ ಹಾಗೆ ಹೇಗಾಗುತ್ತೆ ಸಾರ್?"

"ಗಂಡನ ಗರಡಿ!" ಎಂದ ಪೇಂಟರ್ ಮೆಲ್ಲಗೆ.

ಧಣಿ ಒಳಗೆ ತಿರುಗಿ ಕೂಗಿದ. "ಏಯ್, ನಿನ್ನ ಕೀ ಕೊಟ್ಟು ಕಳಿಸು. ಬೇಗ!"

ವೆಲ್ಡರನ ಬೀಗದಕೈ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ. ಹಗಲು ಬೆಳಕಿನಲ್ಲಿ ಅವಳನ್ನು ನೋಡದೆ ಎಷ್ಟು ದಿನವಾಗಿತ್ತು! ನಿದ್ದೆಗೆಟ್ಟ ಕಣ್ಣು, ಕೆನ್ನೆಯ ಮೇಲೆ ಬಸ್ಸಿನ ಕಿಟಕಿಯ ಗೆರೆ. ಅವಳು ನಗುತ್ತಿರಲಿಲ್ಲ, ಕಾಯುತ್ತಿದ್ದಳು.

"ನಂದೂ ಕಳೆದುಹೋಯ್ತು ಸಾರ್," ಎಂದ.

"ಏನಂದೆ?"

"ಈಗ್ತಾನೇ ಹೋಯ್ತು. ಬೀಗ ಒಡೀಬೇಕು. ಅದಕ್ಕೆ ನಾನೇ ಹೋಗಬೇಕು."

ಧಣಿ ಇವನ ಜೇಬು ನೋಡಿದ, ಅವಳ ಬಿಗಿಮುಷ್ಟಿ ನೋಡಿದ. ಮನುಷ್ಯ ದಡ್ಡನಲ್ಲ. "ಹೋಗು," ಎಂದ ತಣ್ಣಗೆ. "ಆದ್ರೆ ಊಟದ ಸೈರನ್ ಕೂಗೋ ಹೊತ್ತಿಗೆ ಇಲ್ಲಿ ಇರಬೇಕು. ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವನು ಬರ್ತಾನೆ. ಇದು ತಮಾಷೆ ಅಲ್ಲ."

ಬೇಕರಿಯ ತಿರುವಿನಲ್ಲಿ ಅವಳು ಮುಷ್ಟಿ ಬಿಚ್ಚಿದಳು. ಬೆವರಿದ ಅಂಗೈಯಲ್ಲಿ ಬೀಗದಕೈಯ ಹಲ್ಲಿನ ಅಚ್ಚು ಮೂಡಿತ್ತು. ಇವನೂ ಜೇಬಿನಿಂದ ತನ್ನದನ್ನು ತೆಗೆದ. ಇಬ್ಬರೂ ಬೀದಿಯಲ್ಲೇ ನಿಂತು, ಹೋಗುವವರು ತಿರುಗಿ ನೋಡುವಷ್ಟು ನಕ್ಕರು.

"ಫ್ಲಾಸ್ಕ್ ಮುಚ್ಚಳ ಯಾಕ್ರೀ ಹಾಗೆ ಬಿಗೀತೀರ? ದಿನಾ ಉಗುರು ಮುರ್ಕೊಳ್ತೀನಿ."

"ಬೈಕೋತಿದ್ಯಾ?"

"ಬೈಯದೆ ಮತ್ತೆ?"

ಇವನಿಗೆ ಅಷ್ಟು ಸಾಕಾಗಿತ್ತು.

ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ಬೀಗದಕೈ, ಆದರೆ ಇಬ್ಬರೂ ಬೀಗ ಮುಟ್ಟಲಿಲ್ಲ. ತೆಗೆದರೆ ಅವಳು ಮಲಗಬೇಕು, ಇವನು ಹೊರಡಬೇಕು. ಮೆಟ್ಟಿಲ ಮೇಲೆ ಕೂತರು. ಎದುರುಮನೆ ಅಜ್ಜಿ ಇಣುಕಿ, "ಏನ್ರಪ್ಪಾ, ಹೊರಗೇ ಕೂತುಬಿಟ್ರಿ?" ಎಂದಳು.

"ಕೀ ಕಳೆದುಹೋಗಿದೆ ಅಜ್ಜಿ."

"ಎರಡೂನಾ?"

"ಎರಡೂ."

ಹೆಂಡತಿ ವಾರ್ಡಿನ ಮುದುಕಿಯ ಕಥೆ ಶುರುಮಾಡಿದಳು. ಸೊಸೆಯ ಜೊತೆ ರಾಜಿಯಾಯಿತಂತೆ. ಹೇಳುತ್ತ ಹೇಳುತ್ತ ಮಾತು ತೊದಲಿ, ತಲೆ ಇವನ ಭುಜಕ್ಕೆ ವಾಲಿತು. ಕೂದಲಲ್ಲಿ ಫಿನಾಯಿಲ್ ವಾಸನೆ. ಇವನು ಅಲ್ಲಾಡದೆ ಕೂತ. ಬಿಸಿಲು ಮೆಟ್ಟಿಲೇರಿ ಅವಳ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಇವನು ಇನ್ನೊಂದು ಕೈಯನ್ನು ಅವಳ ಕಣ್ಣಿಗೆ ನೆರಳಾಗಿ ಹಿಡಿದ.

ದೂರದಲ್ಲಿ ಊಟದ ಸೈರನ್ ಕೂಗಿತು. ಅವಳು ನಿದ್ದೆಯಲ್ಲೇ, "ಹೊತ್ತಾಯ್ತೇನ್ರೀ?" ಎಂದಳು.

"ಇಲ್ಲ, ಮಲಕೋ," ಎಂದ ಅವನು.